ಗೋಸುಂಬೆ ಮರಿಗಳ ಆರೈಕೆ ಮತ್ತು ಅನಾರೋಗ್ಯದ ಲಕ್ಷಣಗಳು

ಗೋಸುಂಬೆಯು ಹಲ್ಲಿ ಮತ್ತು ಓತಿಗಳ ಗಣಕ್ಕೆ ಸೇರಿದ, ಮರವಾಸಿಯಾದ ಸರೀಸೃಪ. ಜಗತ್ತಿನಲ್ಲಿ ಇದರ 200ಕ್ಕೂ ಹೆಚ್ಚು ಪ್ರಭೇದಗಳಿದ್ದು, ಹೆಚ್ಚಿನವು ಆಫ್ರಿಕಾ ಖಂಡ ಮತ್ತು ಮಡಗಾಸ್ಕರ್ ದ್ವೀಪದಲ್ಲಿವೆ. ಭಾರತದಲ್ಲಿರುವುದು ಭಾರತೀಯ ಗೋಸುಂಬೆ ಎಂಬ ಒಂದೇ ಪ್ರಭೇದ. ವಿದೇಶಗಳಲ್ಲಿ ಕೆಲವು ಪ್ರಭೇದಗಳನ್ನು ಮನೆಗಳಲ್ಲಿ ಸಾಕುತ್ತಾರೆ. ಭಾರತೀಯ ಗೋಸುಂಬೆಯನ್ನು ಹಿಡಿಯುವುದು ಮತ್ತು ಸಾಕುವುದು ಕಾನೂನಿನ ಪ್ರಕಾರ ಅಪರಾಧ. ಆದ್ದರಿಂದ ಕರ್ನಾಟಕದಲ್ಲಿ ಮರಿಗಳ ಆರೈಕೆಯ ತಿಳಿವಳಿಕೆಯು ಮುಖ್ಯವಾಗಿ ಹೊಲ, ಬೇಲಿ ಅಥವಾ ರಸ್ತೆಯಲ್ಲಿ ಕಂಡ ಮರಿಯು ಆರೋಗ್ಯವಾಗಿದೆಯೇ, ಅದಕ್ಕೆ ನೆರವು ಬೇಕೇ ಎಂಬುದನ್ನು ನಿರ್ಧರಿಸಲು ಉಪಯುಕ್ತವಾಗಿದೆ.

ಹೆಸರು ಮತ್ತು ಗುರುತು

ಭಾರತೀಯ ಗೋಸುಂಬೆಯ ವೈಜ್ಞಾನಿಕ ಹೆಸರು ಕಮೀಲಿಯೋ ಜೈಲಾನಿಕಸ್. ಇದನ್ನು 1768ರಲ್ಲಿ ಲಾರೆಂಟಿ ಎಂಬ ಪ್ರಕೃತಿ ವಿಜ್ಞಾನಿ ಹೆಸರಿಸಿದನು. ಕನ್ನಡದಲ್ಲಿ ಇದಕ್ಕೆ ಊಸರವಳ್ಳಿ ಎಂಬ ಹೆಸರೂ ಇದೆ. ಆದರೆ ಹಳ್ಳಿಗಳಲ್ಲಿ ತಲೆ ಕೆಂಪಾಗುವ ಗಂಡು ಓತಿಕ್ಯಾತವನ್ನೂ ಊಸರವಳ್ಳಿ ಎನ್ನುವುದುಂಟು. ಇವೆರಡೂ ಬೇರೆ ಬೇರೆ ಜೀವಿಗಳು. ಓತಿಕ್ಯಾತ ವೇಗವಾಗಿ ಓಡುತ್ತದೆ. ಅದರ ಬೆರಳುಗಳು ಬಿಡಿಬಿಡಿಯಾಗಿರುತ್ತವೆ. ಗೋಸುಂಬೆಯ ನಡಿಗೆ ನಿಧಾನ. ಅದರ ದೇಹ ಎರಡು ಬದಿಗಳಿಂದ ಒತ್ತಿದಂತೆ ಚಪ್ಪಟೆ, ಬಾಲದ ತುದಿ ಸುರುಳಿ. ಬೆರಳುಗಳು ಎರಡು ಮತ್ತು ಮೂರರ ಗುಂಪಾಗಿ ಕೂಡಿ ಇಕ್ಕಳದಂತೆ ಕೊಂಬೆಯನ್ನು ಹಿಡಿಯುತ್ತವೆ. ಎರಡು ಕಣ್ಣುಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ತಿರುಗಬಲ್ಲವು. ಹಲ್ಲಿಯ ಬಾಲದಂತೆ ಇದರ ಬಾಲ ಕಳಚಿ ಮತ್ತೆ ಬೆಳೆಯುವುದಿಲ್ಲ.

ಹಾಸನ ಜಿಲ್ಲೆಯಲ್ಲಿ ನೆಲೆ

ಗೋಸುಂಬೆಯು ದಟ್ಟ ಮಳೆಕಾಡಿಗಿಂತ ಕುರುಚಲು ಕಾಡು, ತೋಟ ಮತ್ತು ಬೇಲಿಗಳನ್ನು ಹೆಚ್ಚಾಗಿ ಆಶ್ರಯಿಸುತ್ತದೆ. ಹಾಸನ ಜಿಲ್ಲೆಯ ಪಶ್ಚಿಮದ ಸಕಲೇಶಪುರ ಭಾಗವು ಮಲೆನಾಡು. ಚನ್ನರಾಯಪಟ್ಟಣದ ತೆಂಗಿನ ತೋಟಗಳು, ಹೇಮಾವತಿ ದಡದ ಹೊಳೆನರಸೀಪುರದ ಹೊಲಗಳು, ಹೊಗೆಸೊಪ್ಪು ಬೆಳೆಯುವ ಅರಕಲಗೂಡು ಮತ್ತು ಹಾಸನದ ರಾಗಿ, ಆಲೂಗಡ್ಡೆ ಹೊಲಗಳ ಅಂಚಿನ ಲಂಟಾನ, ಹೊಂಗೆ, ಜಾಲಿಯ ಬೇಲಿಗಳು ಇದಕ್ಕೆ ಒಗ್ಗುವ ನೆಲೆಗಳು. ಬೇಲಿ ಸವರಿ ಕಲ್ಲುಕಂಬ ಮತ್ತು ತಂತಿ ಹಾಕಿದಲ್ಲಿ ಈ ನೆಲೆ ಇಲ್ಲವಾಗುತ್ತದೆ. ಕೀಟನಾಶಕ ಸಿಂಪಡಣೆಯಿಂದ ಆಹಾರವಾದ ಕೀಟಗಳು ಕಡಿಮೆಯಾಗುತ್ತವೆ.

ಹೆಣ್ಣು ಗೋಸುಂಬೆ ಮರದಿಂದಿಳಿದು ನೆಲದಲ್ಲಿ ಗುಳಿ ತೋಡಿ ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ ಹೊರಟುಹೋಗುತ್ತದೆ. ತಾಯಿಯ ಪಾಲನೆ ಇರುವುದಿಲ್ಲ. ಮರಿಗಳು ತಾವಾಗಿಯೇ ಮಣ್ಣಿನಿಂದ ಹೊರಬಂದು ಗಿಡವೇರಿ ಬೇಟೆ ಆರಂಭಿಸುತ್ತವೆ. ಆದ್ದರಿಂದ ಒಂಟಿಯಾಗಿ ಕಂಡ ಮರಿಯನ್ನು ತಬ್ಬಲಿ ಎಂದು ಭಾವಿಸಿ ಮನೆಗೆ ತರುವುದು ತಪ್ಪು.

ಕಾನೂನು

ಭಾರತೀಯ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಈ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಹೌದು. ಕಾಯ್ದೆಯ 39ನೆಯ ಕಲಮಿನಂತೆ, ವಶಕ್ಕೆ ಬಂದ ಇಂತಹ ಪ್ರಾಣಿಯ ವಿಷಯವನ್ನು 48 ಗಂಟೆಗಳೊಳಗೆ ಸಮೀಪದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ತಿಳಿಸಬೇಕು. ಯೆಮೆನ್ ಮೂಲದ ಮುಸುಕು ಗೋಸುಂಬೆ, ಮಡಗಾಸ್ಕರಿನ ಚಿರತೆ ಗೋಸುಂಬೆ ಮುಂತಾದ ವಿದೇಶಿ ಪ್ರಭೇದಗಳು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಒಪ್ಪಂದಕ್ಕೆ ಒಳಪಟ್ಟಿವೆ. 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಇವುಗಳನ್ನು ಹೊಂದಿರುವವರು ಸರ್ಕಾರದಲ್ಲಿ ನೋಂದಾಯಿಸಬೇಕು.

ಮರಿಗಳ ಅಗತ್ಯಗಳು

ಕೆಳಗಿನ ವಿವರಗಳು ವಿದೇಶಿ ಪ್ರಭೇದಗಳ ಸಾಕಣೆಯ ಅನುಭವದಿಂದ ತಿಳಿದುಬಂದವು. ಮರಿಯ ಜೀವ ಎಷ್ಟು ಸೂಕ್ಷ್ಮ ಎಂಬುದನ್ನು ಇವು ತೋರಿಸುತ್ತವೆ.

ನೆಲೆ: ಗಾಳಿಯಾಡುವ ಬಲೆಯ ಗೂಡು, ಅದರಲ್ಲಿ ತೆಳುವಾದ ಕೊಂಬೆಗಳು ಮತ್ತು ಮರೆಗೆ ಎಲೆಗಳಿರುವ ಗಿಡ ಬೇಕು. ಬೆಳೆಯುತ್ತಿರುವ ಮರಿಗಳನ್ನು ಒಂದೇ ಗೂಡಿನಲ್ಲಿಟ್ಟರೆ ದುರ್ಬಲವಾದುದು ಹೆದರಿ ಆಹಾರ ಬಿಡುತ್ತದೆ.

ನೀರು: ಗೋಸುಂಬೆ ಬಟ್ಟಲಿನ ನಿಂತ ನೀರನ್ನು ಸಾಮಾನ್ಯವಾಗಿ ಗುರುತಿಸುವುದಿಲ್ಲ. ಎಲೆಗಳ ಮೇಲಿನ ಹನಿಗಳನ್ನು ನೆಕ್ಕುತ್ತದೆ. ಆದ್ದರಿಂದ ದಿನಕ್ಕೆ ಹಲವು ಬಾರಿ ಎಲೆಗಳ ಮೇಲೆ ಸಣ್ಣ ಹನಿಯಾಗಿ ನೀರು ಚಿಮುಕಿಸಬೇಕು. ನಡುವೆ ಗೂಡು ಒಣಗಲು ಬಿಡಬೇಕು.

ಆಹಾರ: ಹಣ್ಣಿನ ನೊಣ, ಮಿಡತೆಯ ಮರಿ ಮುಂತಾದ ಜೀವಂತ ಕೀಟಗಳು ದಿನವೂ ಬೇಕು. ಕೀಟವು ಮರಿಯ ತಲೆಯ ಅಗಲಕ್ಕಿಂತ ದೊಡ್ಡದಾಗಿರಬಾರದು. ಕೀಟಗಳಲ್ಲಿ ಸುಣ್ಣದ ಅಂಶ ಕಡಿಮೆ ಇರುವುದರಿಂದ ಅವುಗಳಿಗೆ ಮೊದಲು ಸೊಪ್ಪು ತಿನ್ನಿಸಿ, ಮೇಲೆ ಕ್ಯಾಲ್ಸಿಯಂ ಪುಡಿ ಸವರಿ ಕೊಡುತ್ತಾರೆ. ಅನ್ನ, ಹಾಲು, ಬ್ರೆಡ್ಡು ಇದರ ಆಹಾರವಲ್ಲ.

ಬೆಳಕು ಮತ್ತು ಶಾಖ: ಚರ್ಮದಲ್ಲಿ ಡಿ ಜೀವಸತ್ವ ತಯಾರಾಗಲು ನೇರಳಾತೀತ ಬಿ ಕಿರಣ ಅಗತ್ಯ. ಕಿಟಕಿಯ ಗಾಜು ಈ ಕಿರಣವನ್ನು ತಡೆಯುವುದರಿಂದ ಗಾಜಿನ ಹಿಂದೆ ಬಿಸಿಲಿಗಿಟ್ಟರೆ ಪ್ರಯೋಜನವಿಲ್ಲ. ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಮರಿ ಬೆಂದು ಸಾಯುತ್ತದೆ. ಮೈ ಕಾಯಿಸುವ ಜಾಗದಲ್ಲಿ ಸುಮಾರು 29–30 ಡಿಗ್ರಿ ಸೆಲ್ಸಿಯಸ್ ಇದ್ದು, ತಂಪಿಗೆ ಸರಿಯಲು ನೆರಳೂ ಇರಬೇಕು.

ಅನಾರೋಗ್ಯದ ಲಕ್ಷಣಗಳು

ಶತ್ರುವಿನ ಕಣ್ಣಿಗೆ ಬೀಳದಿರಲು ಗೋಸುಂಬೆಯು ತನ್ನ ದುರ್ಬಲತೆಯನ್ನು ಮರೆಮಾಡುತ್ತದೆ. ಕಾಯಿಲೆ ಹೊರಗೆ ಕಾಣುವ ವೇಳೆಗೆ ಅದು ಮುಂದುವರಿದಿರುತ್ತದೆ. ಮರಿಗಳಲ್ಲಿ ಒಂದೆರಡು ದಿನಗಳ ವಿಳಂಬವೂ ಪ್ರಾಣಾಂತಿಕ.

ಕಣ್ಣು: ಹಗಲಿನಲ್ಲಿ ಕಣ್ಣು ಮುಚ್ಚಿ ಕುಳಿತಿರುವುದು ಗಂಭೀರ ಸೂಚನೆ. ಗುಳಿಬಿದ್ದ ಕಣ್ಣು ನೀರಿನ ಕೊರತೆಯನ್ನು, ಊದಿದ ರೆಪ್ಪೆ ಸೋಂಕು ಅಥವಾ ಎ ಜೀವಸತ್ವದ ಕೊರತೆಯನ್ನು ಸೂಚಿಸಬಹುದು.

ಮೂಳೆ: ಬಾಗಿದ ಕಾಲು, ಮೆತ್ತಗಾದ ದವಡೆ, ನಡುಕ, ನಾಲಿಗೆಯನ್ನು ದೂರಕ್ಕೆ ಚಾಚಲಾಗದಿರುವುದು ಮತ್ತು ಕೊಂಬೆಯಿಂದ ಪದೇಪದೇ ಬೀಳುವುದು ಸುಣ್ಣದಂಶದ ಕೊರತೆಯಿಂದ ಬರುವ ಮೂಳೆರೋಗದ ಲಕ್ಷಣಗಳು. ಸಾಕಿದ ಮರಿಗಳಲ್ಲಿ ಇದೇ ಅತಿ ಸಾಮಾನ್ಯ ಕಾಯಿಲೆಗಳಲ್ಲೊಂದು.

ಉಸಿರಾಟ: ತಂಪಿನಲ್ಲಿಯೂ ಬಾಯಿ ತೆರೆದಿರುವುದು, ಮೂತಿ ಮೇಲೆತ್ತಿ ಉಸಿರಾಡುವುದು, ಬಾಯಲ್ಲಿ ನೊರೆ ಅಥವಾ ಲೋಳೆ, ಉಸಿರಿನಲ್ಲಿ ಸದ್ದು ಶ್ವಾಸಕೋಶದ ಸೋಂಕಿನ ಚಿಹ್ನೆಗಳು. ಸುಡುಬಿಸಿಲಿನಲ್ಲಿ ಬಾಯಿ ತೆರೆಯುವುದು ಮೈ ತಂಪಾಗಿಸಲು, ಅದು ರೋಗವಲ್ಲ.

ಮಲ: ಆರೋಗ್ಯವಂತ ಮರಿಯ ಮಲದೊಂದಿಗೆ ಬಿಳಿಯ ಯೂರಿಕ್ ಆಮ್ಲದ ಮುದ್ದೆ ಇರುತ್ತದೆ. ಅದು ಗಾಢ ಕಿತ್ತಳೆಯಾದರೆ ನೀರಿನ ಕೊರತೆ. ತೆಳುವಾದ, ದುರ್ನಾತದ ಮಲ ಜಂತುಬಾಧೆಯ ಸೂಚನೆ.

ಬಣ್ಣ: ಗೋಸುಂಬೆ ಹಿನ್ನೆಲೆಗೆ ತಕ್ಕಂತೆ ಮಾತ್ರ ಬಣ್ಣ ಬದಲಿಸುತ್ತದೆ ಎಂಬುದು ಜನಜನಿತ ಅಭಿಪ್ರಾಯ. ವಾಸ್ತವವಾಗಿ ಶಾಖ, ಬೆಳಕು, ಭಯ ಮತ್ತು ಕಾದಾಟ ಇದಕ್ಕೆ ಮುಖ್ಯ ಕಾರಣಗಳು. ಬೆಳಗಿನ ಚಳಿಯಲ್ಲಿ ಕಪ್ಪಾಗುವುದು ಶಾಖ ಹೀರಲು. ನಿದ್ರೆಯಲ್ಲಿ ತಿಳಿಬಣ್ಣಕ್ಕೆ ತಿರುಗುವುದು ಸಹಜ. ಮೈ ಕಾದ ನಂತರವೂ ದಿನವಿಡೀ ಕಪ್ಪಾಗಿದ್ದರೆ ಅದು ಭಯ ಅಥವಾ ನೋವಿನ ಗುರುತು.

ಮರಿ ಕಂಡಾಗ ಮಾಡಬೇಕಾದುದು

ಕಣ್ಣು ಚುರುಕಾಗಿ ತಿರುಗುತ್ತಿದ್ದು, ಕೊಂಬೆಯನ್ನು ಬಿಗಿಯಾಗಿ ಹಿಡಿದಿರುವ ಮರಿಯನ್ನು ಇದ್ದಲ್ಲಿಯೇ ಬಿಡಬೇಕು. ರಸ್ತೆಯಲ್ಲಿದ್ದರೆ ಕಡ್ಡಿಯೊಂದನ್ನು ಎದುರಿಗೆ ಹಿಡಿದು, ತಾನಾಗಿ ಏರಿದ ನಂತರ ಅದು ಸಾಗುತ್ತಿದ್ದ ಬದಿಯ ಬೇಲಿಗೆ ಸೇರಿಸಬಹುದು. ಹಿಡಿತ ಬಿಡಿಸಲು ಎಳೆದರೆ ಉಗುರು, ಕಾಲುಗಳಿಗೆ ಪೆಟ್ಟಾಗುತ್ತದೆ. ಅಗೆಯುವಾಗ ಮೊಟ್ಟೆಗಳು ಕಂಡುಬಂದರೆ ಅವುಗಳನ್ನು ಹೊರಳಿಸದೆ ಮತ್ತೆ ಮಣ್ಣು ಮುಚ್ಚಬೇಕು. ಹೊರಳಿಸಿದರೆ ಒಳಗಿನ ಭ್ರೂಣ ಸಾಯುವ ಸಂಭವವಿದೆ.

ಗಾಯಗೊಂಡ ಅಥವಾ ನಿತ್ರಾಣವಾದ ಮರಿಯನ್ನು ತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಕಡ್ಡಿಯೊಡನೆ ಇರಿಸಿ, ನೆರಳಿನ ನಿಶ್ಶಬ್ದ ಜಾಗದಲ್ಲಿಟ್ಟು ಅರಣ್ಯ ಇಲಾಖೆಗೆ ತಿಳಿಸಬೇಕು. ಇಲಾಖೆಯ ಸಹಾಯವಾಣಿ 1926. ಬಾಯಿಗೆ ನೀರು ಸುರಿದರೆ ಶ್ವಾಸನಾಳಕ್ಕೆ ಹೋಗಬಹುದು. ಮನುಷ್ಯರ ಔಷಧಿ ಕೊಡುವುದು ಮತ್ತು ಸುಲಿಯುತ್ತಿರುವ ಪೊರೆಯನ್ನು ಕೀಳುವುದು ಅಪಾಯಕರ. ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಹಾಸನದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಚಿಕಿತ್ಸೆಯನ್ನು ಅರಣ್ಯ ಇಲಾಖೆಯ ಮೂಲಕವೇ ಕೊಡಿಸುವುದು ಸೂಕ್ತ.

ತಪ್ಪು ನಂಬಿಕೆಗಳು

ಗೋಸುಂಬೆ ವಿಷಜಂತು, ಅದರ ಉಸಿರು ತಾಗಿದರೆ ಕೇಡು ಎಂಬ ನಂಬಿಕೆಯಿಂದ ಅದನ್ನು ಕಲ್ಲು ಹೊಡೆದು ಕೊಲ್ಲುವುದುಂಟು. ಗೋಸುಂಬೆಗೆ ವಿಷವಿಲ್ಲ. ಹೆದರಿದಾಗ ಅದು ಮೈ ಉಬ್ಬಿಸಿ, ಬಾಯಿ ತೆರೆದು ಬುಸುಗುಟ್ಟುತ್ತದೆ. ಅದು ಆತ್ಮರಕ್ಷಣೆಯ ಬೆದರಿಕೆ ಮಾತ್ರ. ಹೊಲದ ಮಿಡತೆ, ನೊಣ ಮತ್ತು ಇತರ ಕೀಟಗಳನ್ನು ತಿನ್ನುವುದರಿಂದ ಇದು ಕೃಷಿಕರಿಗೆ ಉಪಕಾರಿಯಾದ ಜೀವಿ.