ಕೋಬ್ರಾ ಮೋಟಾರಿನ ಪೂರ್ವೋತ್ತರ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ನೂತನವಾದ ಸೃಷ್ಟಿಯನ್ನೇ ಕೊಂಡಾಡುವರು. ಮೊದಲೇ ಇದ್ದ ಎರಡು ವಸ್ತುಗಳನ್ನು ಅವುಗಳ ಯೋಗ್ಯತೆಯನ್ನರಿತು ಕೂಡಿಸುವುದೂ ಒಂದು ವಿದ್ಯೆಯೇ ಆದರೂ ಅದರ ಚರಿತ್ರೆಯನ್ನು ಬರೆಯುವವರು ವಿರಳ. ಇಂಗ್ಲೆಂಡಿನ ಒಂದು ಸಣ್ಣ ಗಾಡಿಗೆ ಅಮೆರಿಕದ ಎಂಜಿನನ್ನು ಹೂಡಿ, ಪಂದ್ಯಗಳಲ್ಲಿ ಹೆಸರುವಾಸಿಯಾದ 'ಕೋಬ್ರಾ' ಎಂಬ ಮೋಟಾರಿನ ವೃತ್ತಾಂತವು ಈ ವಿದ್ಯೆಗೆ ಒಳ್ಳೆಯ ನಿದರ್ಶನವಾಗಿರುವುದರಿಂದ ಅದನ್ನು ವಾಚಕರ ಮುಂದೆ ಸಂಕ್ಷೇಪವಾಗಿ ಇಡುವೆನು. ಮೋಟಾರು ಪಂದ್ಯವು ನಮಗೆ ಸಂಬಂಧಿಸದ ವಿಷಯವೆಂದು ಯಾರೂ ಪುಟವನ್ನು ಮಗುಚಲಾಗದು. ಇದರಲ್ಲಿ ಗಾಡಿಯಷ್ಟೇ ಮನುಷ್ಯರ ಕಥೆಯೂ ಉಂಟು.

ಲಂಡನ್ನಿಗೆ ಸಮೀಪದ ಥೇಮ್ಸ್ ಡಿಟನ್ ಎಂಬಲ್ಲಿ 'ಎ.ಸಿ.' ಎಂಬ ಸಣ್ಣ ಕಾರ್ಖಾನೆಯಿತ್ತು. ವರ್ತಕರ ಸರಕನ್ನು ಹೊರುವ ಮೂರು ಚಕ್ರದ 'ಆಟೋ ಕ್ಯಾರಿಯರ್' ಗಾಡಿಯಿಂದ ಅದಕ್ಕೆ ಆ ಹೆಸರು ಬಂದಿತು. ಈ ಕಾರ್ಖಾನೆಯವರು 1953ರಲ್ಲಿ 'ಏಸ್' ಎಂಬ ಗಾಡಿಯನ್ನು ಪ್ರದರ್ಶಿಸಿದರು. ಇಬ್ಬರಿಗೆ ಮಾತ್ರ ಆಸನವುಳ್ಳ, ಗಟ್ಟಿಯಾದ ಮೇಲ್ಛಾವಣಿಯಿಲ್ಲದ ಇಂತಹ ಹಗುರವಾದ ಗಾಡಿಗಳನ್ನು 'ರೋಡ್‌ಸ್ಟರ್' ಎನ್ನುವರು. ಜಾನ್ ಟೊಜೇರೊ ಎಂಬಾತನು ಪಂದ್ಯದ ಗಾಡಿಗಾಗಿ ರಚಿಸಿದ್ದ ವಿನ್ಯಾಸವೇ ಇದಕ್ಕೆ ಮೂಲ. ಉಕ್ಕಿನ ಕೊಳವೆಗಳ ಚೌಕಟ್ಟು, ನಾಲ್ಕು ಚಕ್ರಗಳೂ ಒಂದರ ಹಂಗಿಲ್ಲದೆ ಇನ್ನೊಂದು ಏರಿಳಿಯುವ ಏರ್ಪಾಡು, ಮೇಲೆ ಅಲ್ಯೂಮಿನಿಯಮಿನ ತೆಳುವಾದ ಹೊದಿಕೆ: ಇವು ಅದರ ಲಕ್ಷಣಗಳು.

ಒಡಲು ಹೀಗೆ ನೂತನವಾಗಿದ್ದರೂ ಎಂಜಿನು ಮಾತ್ರ ವೃದ್ಧನಾಗಿತ್ತು. ಅದು ಜಾನ್ ವೆಲ್ಲರ್ ಎಂಬಾತನು 1919ರಲ್ಲಿ ರಚಿಸಿದ ಆರು ಸಿಲಿಂಡರುಗಳ, ಎರಡು ಲೀಟರಿನ ಎಂಜಿನು. ಆದಕಾರಣ 1956ರಿಂದ ಬ್ರಿಸ್ಟಲ್ ಕಂಪೆನಿಯ ಎಂಜಿನನ್ನೂ ಇದಕ್ಕೆ ಹೂಡತೊಡಗಿದರು. ಆ ಎಂಜಿನಾದರೋ ಜರ್ಮನಿಯ ಬಿ.ಎಂ.ಡಬ್ಲ್ಯು. 328 ಗಾಡಿಯ ವಂಶಕ್ಕೆ ಸೇರಿದ್ದು. ಈ ಬಲದಿಂದ ಏಸ್ ಗಾಡಿಯು 1959ರಲ್ಲಿ ಫ್ರಾನ್ಸಿನ ಲ ಮಾನ್ ಪಟ್ಟಣದ 24 ಗಂಟೆಗಳ ಪಂದ್ಯದಲ್ಲಿ ಒಟ್ಟಿನಲ್ಲಿ ಏಳನೆಯದಾಗಿ, ಎರಡು ಲೀಟರಿನ ವರ್ಗದಲ್ಲಿ ಮೊದಲನೆಯದಾಗಿ ಬಂದಿತು. ಆದರೆ 1961ರ ವೇಳೆಗೆ ಬ್ರಿಸ್ಟಲಿನವರು ಆ ಎಂಜಿನಿನ ತಯಾರಿಕೆಯನ್ನು ನಿಲ್ಲಿಸಿ, ತಮ್ಮ ಗಾಡಿಗಳಿಗೇ ಅಮೆರಿಕದ ಕ್ರೈಸ್ಲರ್ ಎಂಜಿನನ್ನು ಹೂಡತೊಡಗಿದರು. ಒಳ್ಳೆಯ ಒಡಲಿದ್ದೂ ತಕ್ಕ ಪ್ರಾಣವಿಲ್ಲದೆ ಎ.ಸಿ. ಕಾರ್ಖಾನೆಯವರು ಚಿಂತೆಗೊಳಗಾದರು.

ಅದೇ ಕಾಲದಲ್ಲಿ ಅಮೆರಿಕದಲ್ಲಿಯೂ ಒಬ್ಬನು ಚಿಂತೆಯಲ್ಲಿದ್ದನು. ಆತನೇ ಕ್ಯಾರೊಲ್ ಶೆಲ್ಬಿ. ಈತನು 1923ರಲ್ಲಿ ಟೆಕ್ಸಾಸ್ ಸಂಸ್ಥಾನದಲ್ಲಿ ಹುಟ್ಟಿದನು. ಕೋಳಿಗಳನ್ನು ಸಾಕಿ, ಅವು ರೋಗದಿಂದ ಸತ್ತು ದಿವಾಳಿಯಾದ ಮೇಲೆ ಮೋಟಾರು ಪಂದ್ಯಕ್ಕೆ ಇಳಿದವನು. 1959ರ ಲ ಮಾನ್ ಪಂದ್ಯದಲ್ಲಿ ರಾಯ್ ಸಾಲ್ವಡೋರಿಯ ಜೊತೆಯಲ್ಲಿ ಆಸ್ಟನ್ ಮಾರ್ಟಿನ್ ಗಾಡಿಯನ್ನು ನಡೆಸಿ ಗೆದ್ದವನೂ ಈತನೇ. ಆದರೆ ಬಾಲ್ಯದಿಂದಲೂ ಈತನ ಹೃದಯವು ದುರ್ಬಲವಾಗಿತ್ತು. ಎದೆನೋವಿಗೆ ಕೊಡುವ ಗುಳಿಗೆಯನ್ನು ನಾಲಗೆಯ ಕೆಳಗಿಟ್ಟುಕೊಂಡು ಪಂದ್ಯದಲ್ಲಿ ಗಾಡಿ ನಡೆಸುವಷ್ಟಕ್ಕೆ ಬಂದು, 1960ರಲ್ಲಿ ಆ ವೃತ್ತಿಯನ್ನು ಬಿಡಬೇಕಾಯಿತು. ತಾನು ಓಡಿಸಲಾಗದಿದ್ದರೇನು, ಓಡುವಂತಹುದನ್ನು ಮಾಡಿಸುವೆನೆಂಬುದು ಆತನ ಹಟ. 1961ರ ಸೆಪ್ಟೆಂಬರಿನಲ್ಲಿ ಆತನು ಎ.ಸಿ. ಕಾರ್ಖಾನೆಗೆ ಕಾಗದ ಬರೆದು, ಎಂಟು ಸಿಲಿಂಡರುಗಳ ಎಂಜಿನು ಹಿಡಿಯುವಂತೆ ಏಸ್ ಗಾಡಿಯನ್ನು ಮಾರ್ಪಡಿಸಿಕೊಡುವಿರಾ ಎಂದು ಕೇಳಿದನು. ತಕ್ಕ ಎಂಜಿನು ದೊರೆತರೆ ಒಪ್ಪಿಗೆಯೆಂದು ಅವರು ಉತ್ತರವಿತ್ತರು. ಎಂಜಿನಿಲ್ಲದವರು ಎಂಜಿನಿಲ್ಲದವನಿಗೆ ಕೊಟ್ಟ ಮಾತದು!

ಆ ಕೊರತೆಯನ್ನು ಫೋರ್ಡ್ ಕಂಪೆನಿಯು ತುಂಬಿತು. ಆ ಕಂಪೆನಿಯವರು ಎರಕದ ಕಬ್ಬಿಣವನ್ನೇ ಬಹು ತೆಳುವಾಗಿ ಎರಕಹೊಯ್ಯುವ ಕ್ರಮವನ್ನು ಸಾಧಿಸಿ, ಆಗತಾನೆ ಒಂದು ಹಗುರವಾದ ಎಂಜಿನನ್ನು ಹೊರತಂದಿದ್ದರು. ನಾಲ್ಕು ನಾಲ್ಕು ಸಿಲಿಂಡರುಗಳು ಎರಡು ಸಾಲಾಗಿ ಓರೆಯಾಗಿ ನಿಂತಿರುವುದರಿಂದ ಇಂತಹ ಎಂಜಿನು ಅಗಲವಾದರೂ ಉದ್ದದಲ್ಲಿ ಗಿಡ್ಡ. ಕೋಬ್ರಾಕ್ಕೆ ಮೊದಲು ಕೂಡಿದ್ದು 4.2 ಲೀಟರಿನದು. ಅದರ ಬಲ ಸುಮಾರು 260 ಅಶ್ವಶಕ್ತಿ; ಬ್ರಿಸ್ಟಲ್ ಎಂಜಿನಿನ ಎರಡರಷ್ಟು. ಚೆವ್ರೊಲೆಟ್ ಕಂಪೆನಿಯ 'ಕಾರ್ವೆಟ್' ಗಾಡಿಯನ್ನು ಪಂದ್ಯದಲ್ಲಿ ಸೋಲಿಸಬೇಕೆಂಬ ಆಸೆ ಫೋರ್ಡಿನವರಿಗೂ ಇದ್ದಿತು. ಹೀಗೆ ಮೂವರ ಕೊರತೆಗಳು ಒಂದೆಡೆ ಸೇರಿ ಒಂದು ಪೂರ್ಣವಸ್ತುವಾಯಿತು.

ಕೂಡಿಸಿದ ಬಗೆಯನ್ನು ಸ್ವಲ್ಪ ವಿಚಾರಿಸೋಣ. ನಮ್ಮ ಮೀಮಾಂಸಾಶಾಸ್ತ್ರದಲ್ಲಿ ಪ್ರಕೃತಿ, ವಿಕೃತಿ ಎಂದು ಯಾಗಗಳು ಎರಡು ವಿಧ. ಪ್ರಕೃತಿಯಲ್ಲಿ ಹೇಳಿದ ಅಂಗಗಳೇ ವಿಕೃತಿಗೂ ಬರುವುವು. ಒಪ್ಪದೆಡೆಯಲ್ಲಿ ಮಾರ್ಪಾಟು ಮಾಡಿಕೊಳ್ಳುವುದು 'ಊಹ', ಪ್ರಯೋಜನವಿಲ್ಲದುದನ್ನು ಕೈಬಿಡುವುದು 'ಬಾಧ'. ಯಂತ್ರವಿದ್ಯೆಯಲ್ಲಿಯೂ ನ್ಯಾಯವು ಇದೇ. ಏಸ್ ಗಾಡಿಯ ಚೌಕಟ್ಟು, ಕಮಾನುಪಟ್ಟಿಗಳು ಬಹುಮಟ್ಟಿಗೆ ಹಾಗೆಯೇ ಉಳಿದುವು. ಎಂಜಿನು ಅಗಲವಾದುದರಿಂದ ಚುಕ್ಕಾಣಿಯ ಪೆಟ್ಟಿಗೆಯನ್ನು ಹೊರಮಗ್ಗುಲಿಗೆ ಸರಿಸಿದರು. ಹಿಂದಿನ ಚಕ್ರಗಳಿಗೆ ಬಲವನ್ನು ಹಂಚುವ ಹಲ್ಲುಚಕ್ರಗಳು ಇಮ್ಮಡಿ ಬಲವನ್ನು ತಾಳಲಾರವೆಂದು ಅವನ್ನು ತೆಗೆದು, ಜಾಗ್ವಾರ್ ಗಾಡಿಯಲ್ಲಿದ್ದಂತಹ ಗಟ್ಟಿಯಾದ ಜೋಡಣೆಯನ್ನು ಇಟ್ಟರು. 1962ರ ಫೆಬ್ರವರಿಯಲ್ಲಿ ಮೊದಲನೆಯ ಗಾಡಿಯು ಎಂಜಿನಿಲ್ಲದೆ ವಿಮಾನದಲ್ಲಿ ಲಾಸ್ ಏಂಜಲೀಸಿಗೆ ಹೋಯಿತು. ಅಲ್ಲಿಗೆ ಸಮೀಪದ ಡೀನ್ ಮೂನ್ ಎಂಬಾತನ ಕಾರ್ಯಾಗಾರದಲ್ಲಿ ಎಂಟು ಗಂಟೆಗಳೊಳಗಾಗಿ ಎಂಜಿನನ್ನೂ ಗೇರುಪೆಟ್ಟಿಗೆಯನ್ನೂ ಕೂರಿಸಿ ಓಡಿಸಿಬಿಟ್ಟರು. 'ಕೋಬ್ರಾ' ಎಂಬ ಹೆಸರು ತನಗೆ ಕನಸಿನಲ್ಲಿ ತೋರಿತೆಂದು ಶೆಲ್ಬಿಯು ಹೇಳುತ್ತಿದ್ದನು. ಗಾಡಿ ಇದ್ದುದು ಒಂದೇ. ಪತ್ರಿಕೆಯವರು ಪರೀಕ್ಷಿಸಲು ಬಂದಾಗಲೆಲ್ಲ ಅದಕ್ಕೆ ಬೇರೆ ಬಣ್ಣ ಬಳಿಸಿ, ಬಹಳ ಗಾಡಿಗಳಿವೆಯೆಂಬ ಭಾವನೆಯನ್ನು ಆತನು ಹುಟ್ಟಿಸಿದನು. ಸತ್ಯಸಂಧರು ಇದನ್ನು ಮೆಚ್ಚಲಾರರು. ಬಡವನ ಉಪಾಯವೆಂದು ನಗಬಹುದು.

ಪಂದ್ಯವು ಮಾತ್ರ ಬಣ್ಣಕ್ಕೆ ಮರುಳಾಗುವುದಿಲ್ಲ. 1962ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯದ ರಿವರ್‌ಸೈಡ್ ಪಂದ್ಯದಲ್ಲಿ ಬಿಲ್ ಕ್ರೌಸ್ ನಡೆಸಿದ ಕೋಬ್ರಾ ಗಾಡಿಯು ಹೊಸ ಕಾರ್ವೆಟ್ಟುಗಳನ್ನು ಹಿಂದಿಕ್ಕಿ ಮುಂದಾಗಿತ್ತು. ಅಷ್ಟರಲ್ಲಿ ಹಿಂಬದಿಯ ಚಕ್ರದ ಅಚ್ಚಿನ ಭಾಗವು ಮುರಿದು ನಿಂತಿತು. ಹೊಸ ಎಂಜಿನಿನ ಬಲವು ಹಳೆಯ ಒಡಲಿನ ದುರ್ಬಲಸ್ಥಾನವನ್ನು ತಾನಾಗಿ ಹುಡುಕಿ ತೋರಿಸಿತು. ಆ ಭಾಗವನ್ನು ಬಲಪಡಿಸಿದರು. 1963ರ ಜನವರಿಯಲ್ಲಿ ಅದೇ ಸ್ಥಳದಲ್ಲಿ ಡೇವ್ ಮ್ಯಾಕ್‌ಡೊನಾಲ್ಡ್, ಕೆನ್ ಮೈಲ್ಸ್ ಎಂಬಿಬ್ಬರು ಮೊದಲನೆಯ ಎರಡು ಸ್ಥಾನಗಳನ್ನು ಗಳಿಸಿದರು. ಎಂಜಿನು 4.7 ಲೀಟರಿಗೆ ಬೆಳೆಯಿತು; ಚುಕ್ಕಾಣಿಯ ಕ್ರಮವೂ ಬದಲಾಯಿತು. ಸಾವಿರ ಕಿಲೋಗ್ರಾಮಿಗೂ ಕಡಮೆ ತೂಗುವ ಈ ಗಾಡಿಗೆ ಭಾರವಾದ ಕಾರ್ವೆಟ್ಟು ಎಣೆಯಾಗಲಿಲ್ಲ.

ಯೂರೋಪಿನಲ್ಲಿ ಎದುರಾದ ಶತ್ರು ಬೇರೆ, ಅದು ಗಾಳಿ. ಲ ಮಾನ್ ಪಂದ್ಯದ ನೀಳವಾದ ನೇರದಾರಿಯಲ್ಲಿ ತೆರೆದ ಗಾಡಿಯು ಗಾಳಿಯನ್ನು ಸೀಳಲಾರದೆ ಫೆರಾರಿಯ ಗಾಡಿಗಳಿಗೆ ಹಿಂದಾಗುತ್ತಿತ್ತು. ಇದಕ್ಕೆ ಎಂಜಿನನ್ನು ಇನ್ನೂ ಹಿಗ್ಗಿಸುವುದಲ್ಲ, ಮೈಯನ್ನು ತಿದ್ದುವುದೇ ಪರಿಹಾರವೆಂದು ಪೀಟರ್ ಬ್ರಾಕ್ ಎಂಬ ತರುಣನು ಮುಚ್ಚಿದ ಮೈಯುಳ್ಳ 'ಡೇಟೋನ' ರೂಪವನ್ನು ರಚಿಸಿದನು. ಆರೇ ಗಾಡಿಗಳನ್ನು ಮಾಡಿದರು. 1964ರ ಲ ಮಾನ್ ಪಂದ್ಯದಲ್ಲಿ ಅವುಗಳಲ್ಲೊಂದು ಒಟ್ಟಿನಲ್ಲಿ ನಾಲ್ಕನೆಯದಾಗಿ, ತನ್ನ ವರ್ಗದಲ್ಲಿ ಮೊದಲನೆಯದಾಗಿ ಬಂದಿತು. 1965ರಲ್ಲಿ ಆ ವರ್ಗದ ಅಂತರರಾಷ್ಟ್ರೀಯ ಪ್ರಶಸ್ತಿಯೇ ಶೆಲ್ಬಿಯ ಪಾಲಾಯಿತು. ಅಮೆರಿಕದ ತಯಾರಕರಿಗೆ ಅದು ದೊರೆತದ್ದು ಅದೇ ಮೊದಲು.

ಗೆದ್ದವನ ಆಸೆಗೆ ಮೇರೆಯಿಲ್ಲ. ಹಳೆಯ ಒಡಲಿಗೇ ಏಳು ಲೀಟರಿನ ಮಹಾಯಂತ್ರವನ್ನು ತುರುಕಿದ ಗಾಡಿಯೊಂದನ್ನು 1964ರಲ್ಲಿ ಸೀಬ್ರಿಂಗ್ ಎಂಬಲ್ಲಿಗೆ ಒಯ್ದರು. ಕೆನ್ ಮೈಲ್ಸ್ ಅಭ್ಯಾಸದ ಓಟದಲ್ಲಿಯೇ ಅದನ್ನು ಮರವೊಂದಕ್ಕೆ ತಾಗಿಸಿದನು. ಮೂರು ಅಂಗುಲದ ಕೊಳವೆಗಳ ಬದಲು ನಾಲ್ಕು ಅಂಗುಲದವು, ಪಟ್ಟಿಗಳ ಬದಲು ಸುರುಳಿ ಸ್ಪ್ರಿಂಗುಗಳು, ಅಗಲವಾದ ಮೈ: ಹೀಗೆ ಚೌಕಟ್ಟನ್ನೇ ಹೊಸದಾಗಿ ಮಾಡಿದ ಮೇಲೆಯೇ ಆ ಎಂಜಿನು ಅಲ್ಲಿ ನೆಲೆಸಿದ್ದು. ಇಲ್ಲಿ ವಿಕೃತಿಯು ಬೇರೊಂದು ಪ್ರಕೃತಿಯೇ ಆಯಿತೆನ್ನಬೇಕು. ನಿಯಮದಂತೆ ಬೇಕಾದ ನೂರು ಗಾಡಿಗಳು ಸಕಾಲದಲ್ಲಿ ಸಿದ್ಧವಾಗದೆ, 1965ರಲ್ಲಿ ಅದಕ್ಕೆ ಆ ವರ್ಗದ ಪ್ರವೇಶವೂ ದೊರೆಯಲಿಲ್ಲ. ಪ್ರಶಸ್ತಿಯನ್ನು ತಂದುದು ಚಿಕ್ಕ ಎಂಜಿನೇ.

ಈ ವೇಗಕ್ಕೆ ತೆತ್ತ ಬೆಲೆಯನ್ನೂ ಮರೆಯಲಾಗದು. ರಿವರ್‌ಸೈಡಿನಲ್ಲಿ ಗೆದ್ದ ಇಬ್ಬರಲ್ಲಿ ಮ್ಯಾಕ್‌ಡೊನಾಲ್ಡನು 1964ರಲ್ಲಿ ಇಂಡಿಯಾನಾಪೊಲಿಸಿನ ಪಂದ್ಯದಲ್ಲಿಯೂ, ಮೈಲ್ಸನು 1966ರಲ್ಲಿ ಅದೇ ರಿವರ್‌ಸೈಡಿನಲ್ಲಿ ಫೋರ್ಡಿನ ಹೊಸ ಗಾಡಿಯೊಂದನ್ನು ಪರೀಕ್ಷಿಸುತ್ತಿರುವಾಗಲೂ ಮಡಿದರು. ದುರ್ಬಲಹೃದಯನಾದ ಶೆಲ್ಬಿಯೇ ಅವರಿಗಿಂತ ಬಹುಕಾಲ ಬದುಕಿದನು. 1990ರಲ್ಲಿ ವೈದ್ಯರು ಆತನ ಹೃದಯವನ್ನು ತೆಗೆದು, ಮೃತನಾದ ಮತ್ತೊಬ್ಬನ ಹೃದಯವನ್ನು ಕೂರಿಸಿದರು. ತರುವಾಯ ಆತನು ಹೃದ್ರೋಗದಿಂದ ನರಳುವ ಮಕ್ಕಳಿಗಾಗಿ ಧರ್ಮನಿಧಿಯೊಂದನ್ನು ಸ್ಥಾಪಿಸಿ, 2012ರಲ್ಲಿ ತೀರಿಕೊಂಡನು.

ಎಂಟು ಗಂಟೆಗಳಲ್ಲಿ ಕೂಡಿಸಿದ ಆ ಮೊದಲನೆಯ ಗಾಡಿಯು 2016ರ ಹರಾಜಿನಲ್ಲಿ 137 ಲಕ್ಷ 50 ಸಾವಿರ ಡಾಲರುಗಳಿಗೆ ಮಾರಾಟವಾಯಿತು. ಅದು ಯಾರ ಕೃತಿ? ಟೊಜೇರೊ ಕೊಟ್ಟದ್ದು ಒಡಲನ್ನು, ಥೇಮ್ಸ್ ಡಿಟನ್ನಿನ ಕೆಲಸಗಾರರು ಕೊಟ್ಟದ್ದು ಕೈಚಳಕವನ್ನು, ಫೋರ್ಡಿನವರು ಕೊಟ್ಟದ್ದು ಬಲವನ್ನು. ಶೆಲ್ಬಿಯು ಇವುಗಳಲ್ಲಿ ಒಂದನ್ನೂ ಮಾಡಿದವನಲ್ಲ. ಯಾವುದು ಯಾವುದಕ್ಕೆ ಒಪ್ಪುವುದೆಂದು ಕಂಡವನು. ಜನರು ಆ ಗಾಡಿಯನ್ನು ಆತನ ಹೆಸರಿನಿಂದ ಕರೆಯುವುದು ಅನ್ಯಾಯವಲ್ಲ. ಉಳಿದವರನ್ನು ಮರೆತರೆ ಮಾತ್ರ ಅನ್ಯಾಯ.