ಮಂಡಿ ಕೀಲಿನ ಬದಲಿ ಶಸ್ತ್ರಚಿಕಿತ್ಸೆ: ಭಾಗಶಃ ಮತ್ತು ಪೂರ್ಣ

ಸವೆದ ಮಂಡಿಯ ಮೇಲ್ಮೈಗಳನ್ನು ಕೆತ್ತಿ ತೆಗೆದು, ಅಲ್ಲಿ ಲೋಹ ಮತ್ತು ಪಾಲಿಎಥಿಲೀನ್ ಭಾಗಗಳನ್ನು ಕೂರಿಸುವ ಶಸ್ತ್ರಚಿಕಿತ್ಸೆ. ಮಂಡಿಯೊಳಗೆ ಮೂರು ಅಂಕಣಗಳಿವೆ: ಒಳಬದಿ, ಹೊರಬದಿ ಮತ್ತು ಮಂಡಿಚಿಪ್ಪಿನ ಹಿಂಬದಿ. ಸವೆದ ಅಂಕಣವೊಂದನ್ನೇ ಬದಲಿಸಿ, ಉಳಿದವುಗಳನ್ನೂ ಎಲ್ಲ ಲಿಗಮೆಂಟುಗಳನ್ನೂ ಹಾಗೆಯೇ ಬಿಡುವುದು ಭಾಗಶಃ ಬದಲಿ. ತೊಡೆಮೂಳೆ ಹಾಗೂ ಕಣಕಾಲು ಮೂಳೆಯ ತುದಿಗಳನ್ನು ಪೂರ್ತಿ ಹೊದಿಸುವುದು ಪೂರ್ಣ ಬದಲಿ. ಇದರಲ್ಲಿ ಎಸಿಎಲ್ ಎನ್ನುವ ಮುಂದಿನ ಅಡ್ಡ ಲಿಗಮೆಂಟನ್ನು ಸಾಮಾನ್ಯವಾಗಿ ತೆಗೆಯಲಾಗುತ್ತದೆ. ಯಾವುದು ಯಾರಿಗೆ ಎಂಬ ಪ್ರಶ್ನೆಗೆ ಮುಖ್ಯ ಉತ್ತರ ಸಿಗುವುದು ಸವೆತ ಎಲ್ಲಿದೆ, ಲಿಗಮೆಂಟುಗಳು ಉಳಿದಿವೆಯೇ ಎಂಬುದರಲ್ಲಿ. ವಯಸ್ಸು, ತೂಕಗಳಿಗೆ ಹಿಂದೆ ಕೊಡುತ್ತಿದ್ದಷ್ಟು ಮಹತ್ವ ಈಗಿಲ್ಲ.

ಹಿನ್ನೆಲೆ

1950ರ ದಶಕದಲ್ಲಿ ಅಮೆರಿಕದ ಡಂಕನ್ ಮೆಕೀವರ್, ಕೆನಡಾದ ಡೇವಿಡ್ ಮ್ಯಾಕಿಂಟಾಶ್ ಅವರು ಕಣಕಾಲು ಮೂಳೆಯ ಮೇಲೆ ಬಿಲ್ಲೆಯಂಥ ತುಣುಕು ಕೂರಿಸಿ ನೋಡಿದರು. ಭಾಗಶಃ ಬದಲಿಗೆ 1969ರಲ್ಲಿ ಹ್ಯಾಂಬರ್ಗಿನ ಸೇಂಟ್ ಜಾರ್ಜ್ ಮಾದರಿ, 1972ರಲ್ಲಿ ಲಿಯೊನಾರ್ಡ್ ಮಾರ್ಮರ್ ಅವರ ಮಾದರಿ ಬಂದವು. 1974ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಇನ್ಸಾಲ್ ಮತ್ತು ಸಂಗಡಿಗರ ಪೂರ್ಣ ಮಂಡಿ ಬಳಕೆಗೆ ಬಂತು. ಭಾಗಶಃ ಬದಲಿಯ ಫಲಿತಾಂಶ ಕಳಪೆಯೆಂದು ಅವರೇ ವರದಿ ಮಾಡಿದ ಮೇಲೆ ಹಲವು ಶಸ್ತ್ರವೈದ್ಯರು ಅದನ್ನು ಕೈಬಿಟ್ಟರು.

ಆಕ್ಸ್‌ಫರ್ಡ್ ಮಂಡಿ

ಇಂದಿನ ಆಯ್ಕೆಯ ತರ್ಕ ಬಹುಪಾಲು ರೂಪುಗೊಂಡದ್ದು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ. ಶಸ್ತ್ರವೈದ್ಯ ಜಾನ್ ಗುಡ್‌ಫೆಲೊ ಹಾಗೂ ಎಂಜಿನಿಯರ್ ಜಾನ್ ಓಕಾನರ್ ಅವರನ್ನು ಕಾಡಿದ್ದು ಒಂದು ಯಾಂತ್ರಿಕ ಸಮಸ್ಯೆ. ಮಂಡಿ ಮಡಚುವಾಗ ತೊಡೆಮೂಳೆ ಉರುಳುವುದರ ಜೊತೆಗೆ ಜಾರುತ್ತದೆ. ಕೃತಕ ಮೇಲ್ಮೈಗಳು ಒಂದಕ್ಕೊಂದು ಬಿಗಿಯಾಗಿ ಹೊಂದಿದರೆ ಈ ಜಾರಾಟಕ್ಕೆ ಅಡ್ಡಿ. ಸಡಿಲವಾಗಿದ್ದರೆ ಭಾರವೆಲ್ಲ ಚಿಕ್ಕ ಜಾಗದ ಮೇಲೆ ಬಿದ್ದು ಪ್ಲಾಸ್ಟಿಕ್ ಸವೆಯುತ್ತದೆ. ಅವರು ಕಂಡುಕೊಂಡ ಪರಿಹಾರ ಸೊಗಸಾದದ್ದು. ತೊಡೆಮೂಳೆಗೆ ಗೋಳಾಕಾರದ ಲೋಹ, ಕಣಕಾಲು ಮೂಳೆಗೆ ಚಪ್ಪಟೆ ಲೋಹದ ತಟ್ಟೆ, ನಡುವೆ ಯಾವುದಕ್ಕೂ ಅಂಟದ ಪಾಲಿಎಥಿಲೀನ್ ತುಣುಕು. ಅದರ ಮೇಲ್ಬದಿ ಗೋಳಕ್ಕೆ ಹೊಂದುವ ತಗ್ಗು, ಕೆಳಬದಿ ಸಮತಟ್ಟು. ಮಂಡಿ ಯಾವ ಕೋನದಲ್ಲಿದ್ದರೂ ಎರಡೂ ಬದಿಯ ಸ್ಪರ್ಶ ವಿಶಾಲವಾಗಿಯೇ ಉಳಿಯುತ್ತದೆ. ತುಣುಕು ಮಾತ್ರ ಹಿಂದೆ ಮುಂದೆ ಸರಿಯುತ್ತದೆ, ಸಹಜ ಮಂಡಿಯ ಮೆನಿಸ್ಕಸ್ ಎಂಬ ಮೃದ್ವಸ್ಥಿಯ ಬಿಲ್ಲೆಯಂತೆ.

1976ರಲ್ಲಿ ಇದನ್ನು ಮೊದಲು ಬಳಸಿದ್ದು ಒಳಬದಿ, ಹೊರಬದಿ ಎರಡಕ್ಕೂ. ಕೆಲವು ವರ್ಷಗಳಲ್ಲಿ ಒಂದು ಸಂಗತಿ ಸ್ಪಷ್ಟವಾಯಿತು: ಎಸಿಎಲ್ ಹಾಳಾಗಿದ್ದವರಲ್ಲಿ ವೈಫಲ್ಯ ಹೆಚ್ಚು, ಅದು ಗಟ್ಟಿಯಾಗಿದ್ದವರಲ್ಲಿ ಕಡಿಮೆ. ಎಸಿಎಲ್ ಗಟ್ಟಿಯಿದ್ದವರಲ್ಲಿ ಹೆಚ್ಚಿನವರ ಸವೆತ ಒಳಬದಿಗಷ್ಟೇ ಸೀಮಿತವಾಗಿತ್ತು. 1982ರಿಂದ ಒಳಬದಿಯೊಂದನ್ನೇ ಬದಲಿಸತೊಡಗಿದರು. 1991ರಲ್ಲಿ ವೈಟ್, ಲಡ್ಕೋವ್‌ಸ್ಕಿ, ಗುಡ್‌ಫೆಲೊ ಅವರು ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿ ತೆಗೆದ ಮೂಳೆಯ ತುಂಡುಗಳನ್ನೇ ಅಧ್ಯಯನ ಮಾಡಿ, ಎಸಿಎಲ್ ಉಳಿದಿರುವ ಮಂಡಿಯಲ್ಲಿ ಸವೆತ ಒಳಬದಿಯ ಮುಂಭಾಗ ಮತ್ತು ನಡುಭಾಗದಲ್ಲಿದ್ದು ಹಿಂಭಾಗದ ಮೃದ್ವಸ್ಥಿ ಉಳಿದಿರುವುದನ್ನು ತೋರಿಸಿದರು.

ಈ ಶೋಧದ ಬೆಲೆಯನ್ನು ಎಷ್ಟು ಹೇಳಿದರೂ ಕಡಿಮೆ. ಇಂಥ ಮಂಡಿಯಲ್ಲಿ ಕಾಲು ನೀಡಿದಾಗ ಮೂಳೆ ಸವೆದ ಗುಂಡಿಯೊಳಕ್ಕೆ ಇಳಿದು ಕಾಲು ಬಿಲ್ಲಿನಂತೆ ಬಾಗುತ್ತದೆ. ಮಡಚಿದಾಗ ತೊಡೆಮೂಳೆ ಹಿಂದಿನ ಉಳಿದ ಮೃದ್ವಸ್ಥಿಯ ಮೇಲೆ ಕೂರುವುದರಿಂದ ಬಾಗು ತಾನಾಗಿ ನೇರವಾಗುತ್ತದೆ, ಒಳಬದಿಯ ಲಿಗಮೆಂಟು ಪ್ರತಿಸಲವೂ ತನ್ನ ಪೂರ್ಣ ಉದ್ದಕ್ಕೆ ಎಳೆಯಲ್ಪಡುತ್ತದೆ. ಹಾಗಾಗಿ ಅದು ಕುಗ್ಗಿ ಗಡುಸಾಗುವುದಿಲ್ಲ. ಸವೆದಷ್ಟೇ ದಪ್ಪದ ಭಾಗ ಕೂರಿಸಿದರೆ ಕಾಲು ರೋಗಪೂರ್ವದ ನೆಲೆಗೆ ಮರಳುತ್ತದೆ. ಲಿಗಮೆಂಟನ್ನು ಕತ್ತರಿಸಿ ಸಡಿಲಿಸುವ ಅಗತ್ಯವಿಲ್ಲ. ಎಸಿಎಲ್ ಹರಿದುಹೋದ ಮೇಲೆ ಸವೆತ ಹಿಂದಕ್ಕೂ ಹಬ್ಬಿ, ಮಡಚಿದಾಗಲೂ ಬಾಗು ಉಳಿದು, ಲಿಗಮೆಂಟು ಕುಗ್ಗುತ್ತದೆ. ಅಲ್ಲಿಗೆ ಭಾಗಶಃ ಬದಲಿಯ ಅವಕಾಶ ಬಹುಮಟ್ಟಿಗೆ ಮುಗಿಯಿತು.

ಆಯ್ಕೆಯ ಮಾನದಂಡ

1989ರಲ್ಲಿ ಕೊಜಿನ್ ಮತ್ತು ಸ್ಕಾಟ್ 60 ವರ್ಷ ಮೀರಿದ, 82 ಕಿಲೋಗಿಂತ ಕಡಿಮೆ ತೂಕದ, ಹೆಚ್ಚು ದೈಹಿಕ ಶ್ರಮವಿಲ್ಲದವರಿಗಷ್ಟೇ ಭಾಗಶಃ ಬದಲಿ ಸೂಕ್ತ ಎಂದರು. ಈ ಮಿತಿಗಳು ಬಹುಕಾಲ ಕಟ್ಟಳೆಯಂತೆ ನಡೆದವು. ಮಿತಿ ಮೀರಿದವರಲ್ಲೂ ಆಕ್ಸ್‌ಫರ್ಡ್ ಮಂಡಿಯ ಫಲಿತಾಂಶ ಕೆಟ್ಟದ್ದಲ್ಲ ಎಂದು ಮುಂದಿನ ಅಧ್ಯಯನಗಳು ತೋರಿಸಿದ್ದರಿಂದ ಅವುಗಳ ಬಿಗಿ ಸಡಿಲಿದೆ. ಈಗ ನೋಡುವುದು: ಒಳಬದಿಯಲ್ಲಿ ಮೂಳೆಗೆ ಮೂಳೆ ತಾಗುವಷ್ಟು ಸವೆತ, ಕೆಲಸ ಮಾಡುವ ಎಸಿಎಲ್, ಹೊರಬದಿಯಲ್ಲಿ ಪೂರ್ಣ ದಪ್ಪದ ಮೃದ್ವಸ್ಥಿ, ಕೈಯಿಂದ ಒತ್ತಿದಾಗ ನೇರವಾಗುವ ಬಾಗು. ಕೊನೆಯ ಎರಡನ್ನು ಕಾಲನ್ನು ಒತ್ತಿ ಹಿಡಿದು ತೆಗೆಯುವ ಎಕ್ಸ್‌-ರೇಯಲ್ಲಿ ಕಾಣಬಹುದು. ನಿಂತು ತೆಗೆಸಿದ ಮಾಮೂಲಿ ಎಕ್ಸ್‌-ರೇ ಸಾಲದು. ಸವೆತ ಅರೆಬರೆಯಾಗಿರುವಾಗಲೇ ನೋವೆಂದು ಭಾಗಶಃ ಬದಲಿ ಮಾಡಿದರೆ ನೋವು ಹೋಗುವ ಭರವಸೆ ಕಡಿಮೆ. ರುಮಟಾಯ್ಡ್ ಸಂಧಿವಾತ ಇಡೀ ಕೀಲನ್ನು ಆವರಿಸುವುದರಿಂದ ಅಲ್ಲಿ ಪೂರ್ಣ ಬದಲಿಯೇ ಸರಿ.

ಹೊರಬದಿಯ ಹಾಗೂ ಮಂಡಿಚಿಪ್ಪಿನ ಭಾಗಶಃ ಬದಲಿಗಳು ವಿರಳ.

ಫಲಿತಾಂಶ

25 ವರ್ಷಗಳ ಕೊನೆಗೆ ಪೂರ್ಣ ಬದಲಿಗಳಲ್ಲಿ ಸುಮಾರು 82%, ಭಾಗಶಃ ಬದಲಿಗಳಲ್ಲಿ ಸುಮಾರು 70% ಉಳಿದಿರುತ್ತವೆಂದು 2019ರ ಲ್ಯಾನ್ಸೆಟ್ ವಿಶ್ಲೇಷಣೆಯೊಂದು ಅಂದಾಜಿಸಿತು. 2014ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಕೀಲು ಬದಲಿ ನೋಂದಣಿಯ ಒಂದು ಲಕ್ಷಕ್ಕೂ ಹೆಚ್ಚು ಮಂಡಿಗಳ ಹೋಲಿಕೆಯಲ್ಲಿ ಭಾಗಶಃ ಬದಲಿಗೆ ಮರುಶಸ್ತ್ರಚಿಕಿತ್ಸೆ ಎರಡು ಪಟ್ಟು ಕಂಡಿತು. ಆದರೆ ಹೃದಯಾಘಾತ, ಪಾರ್ಶ್ವವಾಯು, ರಕ್ತ ಕೊಡಬೇಕಾದ ಪ್ರಸಂಗ ಮತ್ತು ಸಾವು ಕಡಿಮೆ. 528 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿಸಿದ ಬ್ರಿಟನ್ನಿನ ಟಾಪ್‌ಕ್ಯಾಟ್ ಅಧ್ಯಯನದಲ್ಲಿ (2019) ಐದು ವರ್ಷದ ಬಳಿಕ ಮಂಡಿಯ ಸ್ಥಿತಿಯಲ್ಲಿ ಗಣನೀಯ ಅಂತರವಿರಲಿಲ್ಲ; ಖರ್ಚಿನ ಲೆಕ್ಕದಲ್ಲಿ ಭಾಗಶಃ ಬದಲಿಯೇ ಮೇಲಾಯಿತು.

ಮರುಶಸ್ತ್ರಚಿಕಿತ್ಸೆಯ ದರವನ್ನಷ್ಟೇ ಅಳತೆಗೋಲಾಗಿಸುವುದು ದಾರಿ ತಪ್ಪಿಸುತ್ತದೆ. ನ್ಯೂಜಿಲೆಂಡಿನ ನೋಂದಣಿಯಲ್ಲಿ, ಮಂಡಿಯ ಸ್ಥಿತಿಗೆ ತೀರಾ ಕೆಟ್ಟ ಅಂಕ ಪಡೆದ ಭಾಗಶಃ ಮಂಡಿಗಳಲ್ಲಿ ಸುಮಾರು 63% ಮರುಶಸ್ತ್ರಚಿಕಿತ್ಸೆಗೆ ಒಳಗಾದವು. ಅಷ್ಟೇ ಕೆಟ್ಟ ಅಂಕದ ಪೂರ್ಣ ಮಂಡಿಗಳಲ್ಲಿ ಸುಮಾರು 12% ಮಾತ್ರ. ಭಾಗಶಃ ಮಂಡಿಯನ್ನು ಪೂರ್ಣವಾಗಿ ಬದಲಿಸುವುದು ಸಾಮಾನ್ಯವಾಗಿ ಸುಲಭ, ಆದ್ದರಿಂದ ವೈದ್ಯರು ಬೇಗ ಒಪ್ಪುತ್ತಾರೆ. ಪೂರ್ಣ ಮಂಡಿಯನ್ನು ಬಿಚ್ಚುವುದು ದೊಡ್ಡ ಕೆಲಸವಾದ್ದರಿಂದ ರೋಗಿ ನೋವಿನೊಂದಿಗೇ ಉಳಿಯುತ್ತಾನೆ, ನೋಂದಣಿಯಲ್ಲಿ ಮಾತ್ರ ಯಶಸ್ಸೆಂದು ದಾಖಲಾಗುತ್ತಾನೆ. ಶಸ್ತ್ರವೈದ್ಯರ ಅನುಭವವೂ ಮುಖ್ಯ: ತಮ್ಮ ಮಂಡಿ ಬದಲಿಗಳಲ್ಲಿ ಐದರಲ್ಲೊಂದಾದರೂ ಭಾಗಶಃ ಮಾಡುವವರ ಕೈಯಲ್ಲಿ ಅದು ಹೆಚ್ಚು ಕಾಲ ಬಾಳುತ್ತದೆ.

ಭಾರತದಲ್ಲಿ

ಹಲವರು ವರ್ಷಗಟ್ಟಲೆ ನೋವು ನುಂಗಿ, ಕಾಲು ತೀರ ಬಾಗಿದ ಮೇಲೆ ಆಸ್ಪತ್ರೆಗೆ ಬರುತ್ತಾರೆ. ಆ ಹೊತ್ತಿಗೆ ಎಸಿಎಲ್ ಹಾಳಾಗಿರಬಹುದು. ಭಾಗಶಃ ಬದಲಿಯ ಬಳಿಕ ಮಂಡಿ ಸಾಮಾನ್ಯವಾಗಿ ಹೆಚ್ಚು ಮಡಚುವುದರಿಂದ ನೆಲದ ಮೇಲೆ ಕೂರುವ ರೂಢಿಯವರಿಗೆ ಇದು ಮುಖ್ಯ, ಆದರೂ ಕುಕ್ಕರಗಾಲಲ್ಲಿ ಕೂರಬಹುದೆಂಬ ಖಾತರಿಯನ್ನು ಎರಡೂ ಕೊಡುವುದಿಲ್ಲ. 2017ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು ಮಂಡಿ ಇಂಪ್ಲಾಂಟುಗಳಿಗೆ ಗರಿಷ್ಠ ಬೆಲೆ ಗೊತ್ತುಪಡಿಸಿತು. ಹೆಚ್ಚು ಬಳಕೆಯ ಕೋಬಾಲ್ಟ್-ಕ್ರೋಮಿಯಂ ಇಂಪ್ಲಾಂಟಿನ ಬೆಲೆ ಆಗ ತೆರಿಗೆ ಬಿಟ್ಟು ₹54,720ಕ್ಕೆ ಇಳಿಯಿತು.