ಅಜ್ಜಿ ದಾಂಟಿದ ಕಡವು

ಮನ್ನೆ ಬಂಟ್ವಾಳಕ್ಕೆ ಒಂದು ಮದುವೆಗೆ ಹೋಗಿಪ್ಪಗ ಪಾಣೆಮಂಗ್ಳೂರಿನ ಹಳೇ ಸಂಕದ ಹತ್ತರೆ ರಜ ಹೊತ್ತು ನಿಂದೆಯೊ°. "ಅಮ್ಮಾ, ಸಂಕ ಇಲ್ಲದ್ದಿಪ್ಪಗ ಜೆನ ಹೇಂಗೆ ಹೋಗಿಯೊಂಡಿತ್ತವು?" ಹೇಳಿ ಮಗಳು ಕೇಳಿತ್ತು. ಅದರ ತಪ್ಪಲ್ಲ. ಎನ್ನ ಕೊಟ್ಟದು ಮೂಡಬಿದ್ರೆಗೆ. ಅಲ್ಲಿ 18 ಬಸದಿ, 18 ದೇವಸ್ಥಾನ, 18 ಕೆರೆ ಹೇಳಿ ಹೇಳ್ತವು, ಪೇಟೆಲಿ ಹೊಳೆ ಮಾಂತ್ರ ಇಲ್ಲೆ. ಮಕ್ಕೊಗೆ ದೋಣಿ ಹೇಳಿರೆ ಪಿಲಿಕುಳಲ್ಲಿ ಟಿಕೇಟು ತೆಕ್ಕೊಂಡು ಕೂಪ ಆಟ.

ಎನ್ನ ಅಜ್ಜಿಗೆ ಅದು ಆಟ ಆಗಿತ್ತಿಲ್ಲೆ. ಅವರ ಅಪ್ಪನ ಮನೆ ನೇತ್ರಾವತಿಯ ಆಚಿಕೆ, ಗೆಂಡನ ಮನೆ ಈಚಿಕೆ.

ಅಂದು ಬಂಟ್ವಾಳ ಹೇಳಿರೆ ಹೊಳೆಯ ಬಂದರು. ಘಟ್ಟದ ಮೇಗಂದ ಚಾರ್ಮಾಡಿ ದಾರಿಲಿ ಎತ್ತಿನ ಗಾಡಿಲಿ ಬಂದ ಕಾಪಿ, ಬೆಳ್ತಂಗಡಿ ಹೊಡೆಯಾಣ ಅಡಕ್ಕೆ, ಗೆಣಮೆಣಸು, ಅಕ್ಕಿ, ಎಲ್ಲ ಇಲ್ಲಿ ದೋಣಿ ಹತ್ತುಗು. ಮಂಗ್ಳೂರಿಂದ ತಿರುಗಿ ಬಪ್ಪಗ ಉಪ್ಪು, ಚಿಮಿಣಿಎಣ್ಣೆ, ವಸ್ತ್ರ. ಬಂಟ್ವಾಳಂದ ಕೆಳ ಹೊಳೆ ಅಗಲ, ಸಮ. ಮೇಲೆ ಹೋದ ಹಾಂಗೆ ಬರೇ ಕಲ್ಲು, ಪಾರೆ. ದೊಡ್ಡ ದೋಣಿ ಮುಂದೆ ಹೋಗ. ಪೇಟೆ ಅಲ್ಲೇ ಬೆಳದ್ದು ಅದಕ್ಕೇ. 1865ರಲ್ಲಿ ಬಾಸೆಲ್ ಮಿಶನಿನವು ಜೆಪ್ಪುವಿಲಿ ಹಂಚಿನ ಕಾರ್ಖಾನೆ ಸುರು ಮಾಡಿದ ಮತ್ತೆ ಆವೆಮಣ್ಣು, ಸೌದಿ ಹೊತ್ತ ದೋಣಿಗಳುದೆ ಹೆಚ್ಚಾತು. ನಮ್ಮ ಮಾಡಿನ ಹಂಚುದೆ ಹೊಳೆಯ ಹಂಗಿಲೇ ಇದ್ದು, ನೋಡಿ.

ಸಾಮಾನಿಂಗೆ ಬಂದರು, ಜೆನಂಗೊಕ್ಕೆ ಕಡವು. ಆಚ ಕರೆಂದ ಒಂದು ಕೂಗು ಹಾಕಿರೆ ಅಂಬಿಗ ದೋಣಿ ತಕ್ಕು. ಹೊಳೆಕರೆಯ ದೊಡ್ಡ ಮನೆಯವಕ್ಕೆ ಸ್ವಂತ ದೋಣಿ ಇಕ್ಕು, ಎಂಗಳಲ್ಲಿ ಇತ್ತಿಲ್ಲೆ. ಕಡವಿನವಂಗೆ ದಿನಾಗುಳೂ ಪೈಸೆ ಕೊಡ್ಲಿಲ್ಲೆ, ಕೊಯ್ಲು ಆದಪ್ಪಗ ಬತ್ತ. ಅಪ್ಪನ ಮನೆಂದ ಬಪ್ಪಗ ಅಜ್ಜಿ ಮೆಡಿ ಉಪ್ಪಿನಕಾಯಿಯ ಬರಣಿಯ ಮಡಿಲಿಲಿ ಮಡಿಕ್ಕೊಂಡು ಕೂರುಗಡ, ಮಗುವಿನ ಬೇರೆಯವರ ಕೈಲಿ ಕೊಟ್ಟಿಕ್ಕಿ! "ಮಗುವಿನ ಆರಾರೂ ಹಿಡಿಗು, ಬರಣಿಯ ಎತ್ತಿ ಹಿಡಿವವು ಆರು?" ಹೇಳುಗು.

ಮಳೆಗಾಲಲ್ಲಿ ಈ ನೆಗೆ ಇಲ್ಲೆ. ಆಟಿ ತಿಂಗಳಿಲಿ ಹೊಳೆ ಕೆಂಪಾಗಿ ತುಂಬಿರೆ ಅಂಬಿಗ ದೋಣಿಯ ಮರಕ್ಕೆ ಕಟ್ಟುಗು. ಅಜ್ಜಿಯ ಅಬ್ಬೆ ತೀರಿಗೊಂಡದು ಹಾಂಗಿಪ್ಪ ಒಂದು ವಾರಲ್ಲಿ. ಆಚಿಕಂದ ಆರೋ ಕೂಗಿ ಹೇಳಿದವಡ, ಹೊಳೆಯ ಬೊಬ್ಬೆಲಿ ಎಂತದೂ ಕೇಳಿದ್ದಿಲ್ಲೆ. ತೋಟದ ಕೊಡಿಲಿ ಹೊಗೆ ಎದ್ದಪ್ಪಗಳೇ ಗೊಂತಾದ್ದು. ಪಾಣೆಮಂಗ್ಳೂರಿಲಿ ಸಂಕ ಇತ್ತು, ಅಪ್ಪು. ಆದರೆ ಅಲ್ಲಿಗೆ ಎತ್ತೆಕ್ಕಾರೆ ನೆಡುಗೆ ಇಪ್ಪ ತೋಡುಗಳ ದಾಂಟೆಕ್ಕು, ಅದುದೆ ತುಂಬಿತ್ತಿದ್ದು. ಅಜ್ಜಿ ಈಚ ಕರೆಲಿ ಚೆಂಡಿ ಸೀರೆಲಿ ನಿಂದು ಹೊಗೆಯ ನೋಡಿದವು. ಮೂರು ದಿನ ಕಳುದು ದೋಣಿ ಬಿಟ್ಟಪ್ಪಗ ಹೋದವಡ. ಈ ಕತೆಯ ಎನಗೆ ಹೇಳಿದ್ದು ಒಂದೇ ಸರ್ತಿ, ಅದುದೆ ಅಕ್ಕಿ ಆರುಸಿಗೊಂಡು, ಮೋರೆ ನೆಗ್ಗದ್ದೆ.

ಬಂಟ್ವಾಳದವಕ್ಕೆ ನೀರಿನ ಹೆದರಿಕೆ ಹೊಸತ್ತಲ್ಲ. 1923ರ ಮಾರಿಬೊಳ್ಳದ ಕತೆ ಕೇಳಿಯೇ ಬೆಳದವು ಅವು. 1974ರಲ್ಲಿ ಪುನಾ ಪೇಟೆಯೊಳ ನೀರು ನುಗ್ಗಿತ್ತು.

ಆ ಸಂಕ ಆದ್ದು 1914ರಲ್ಲಿ. ಅದೇ ವರ್ಷ ಮಂಗ್ಳೂರಿಂದ ಬಂಟ್ವಾಳಕ್ಕೆ ಸಿ.ಪಿ.ಸಿ. ಬಸ್ಸುದೆ ಸುರು ಆತು. ಸಾಮಾನು ಮೆಲ್ಲಂಗೆ ಲಾರಿ ಹತ್ತಿತ್ತು. ಈಗ ತುಂಬೆಲಿ ಮಂಗ್ಳೂರಿನವರ ಕುಡಿವ ನೀರಿಂಗೆ ಅಣೆಕಟ್ಟು ಇದ್ದು, ದೋಣಿ ಬಂಟ್ವಾಳಂದ ಕಡಲಿನವರೆಗೆ ಹೋಪಲೇ ಎಡಿಯ. ಇಷ್ಟಾದ ಮತ್ತೆ 2016ರ ಕಾಯಿದೆಲಿ ನೇತ್ರಾವತಿಯ 74ನೇ ರಾಷ್ಟ್ರೀಯ ಜಲಮಾರ್ಗ ಹೇಳಿ ಸೇರ್ಸಿದವು! ಧರ್ಮಸ್ಥಳಂದ ಬೆಂಗ್ರೆವರೆಗೆ 78 ಕಿಲೋಮೀಟರು. ಬೇಸಗೆಲಿ ಧರ್ಮಸ್ಥಳದ ಹೊಳೆಲಿ ಕಾಲು ಚೆಂಡಿ ಮಾಡಿದವಕ್ಕೆ ನೆಗೆ ಬಕ್ಕು. ಅಜ್ಜಿ ಇದ್ದಿದ್ದರೆ ಎಂತ ಹೇಳ್ತಿತವೋ.

ಮದುವೆ ಊಟ ಮುಗಿಶಿ ಮಗಳ ಅಲ್ಲಿಗೆ ಕರಕ್ಕೊಂಡು ಹೋದೆ. ಕಡವಿನ ಮೆಟ್ಳು ನಾಕು ಒಳುದ್ದು, ಒಳುದ್ದೆಲ್ಲ ಹೊಯಿಗೆಯ ಅಡಿಲಿ. ದೋಣಿ ಕಟ್ಟಿಗೊಂಡಿದ್ದ ಗೋಳಿಮರ ಇದ್ದು. ಮಗಳು ಆಚಿಕಂಗೆ ತಿರುಗಿ ಒಂದು ಕೂಗು ಹಾಕಿತ್ತು. ಆಚ ಕರೆಲಿ ವಸ್ತ್ರ ಒಗಕ್ಕೊಂಡಿದ್ದ ಒಂದು ಹೆಮ್ಮಕ್ಕೊ ಕೈ ನೆಗ್ಗಿದವು.